ಮೊಮ್ಮಗಳ ಮುಖದ ಮೇಲಿದ್ದ ಚೀಟಿಗಳು

ನನ್ನ ಮೊಮ್ಮಗಳು ಹುಟ್ಟಿದಾಗ ಎರಡು ಕಿಲೋ ಒಂಬೈನೂರು ಗ್ರಾಂ ಇದ್ದಳು. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ, ತೂಕದ ಚೀಟಿಯ ಫೋಟೋ ನನ್ನ ಫೋನಿನಲ್ಲಿದೆ, ಕೇಳಿದವರಿಗೆ ತೋರಿಸುತ್ತೇನೆ. ಕೇಳದವರಿಗೂ ತೋರಿಸಿದ್ದೇನೆ. ಆಸ್ಪತ್ರೆಯ ನರ್ಸಮ್ಮ ಅದನ್ನು ಸಾಧಾರಣ ತೂಕ ಎಂದರಂತೆ. ಅವರಿಗೆ ಅವತ್ತು ಕೆಲಸ ಜಾಸ್ತಿ ಇದ್ದಿರಬೇಕು.

ಮಗು ಹುಟ್ಟಿದ್ದು ಪೆನ್ನಾಗರಂ ಕಡೆ, ಸೊಸೆಯ ತವರಿನಲ್ಲಿ. ನಾವು ಸೇಲಂನವರು, ಮನೆಯಲ್ಲಿ ಕನ್ನಡ ಮಾತಾಡುವ ನೇಕಾರರು. ಮಗು ಹುಟ್ಟಿದರೆ ಗಂಡಿನ ಮನೆಯವರಿಗೆ ಹನ್ನೊಂದು ದಿನ ಪುರುಡು, ಅಂದರೆ ಮೈಲಿಗೆ. ಆ ಹನ್ನೊಂದು ದಿನ ಮಗ್ಗ ಮುಟ್ಟುವಂತಿಲ್ಲ. ನಮ್ಮ ವಂಶದಲ್ಲಿ ಇನ್ನೊಂದು ಕಟ್ಟೂ ಇದೆ: ಅಜ್ಜ ಅಜ್ಜಿ ಪುರುಡು ಕಳೆದ ಮೇಲೆಯೇ ಮಗುವಿನ ಮುಖ ನೋಡಬೇಕು. ಮಗ ಮಾತ್ರ ಅಲ್ಲಿಯೇ ಇದ್ದ. ಈ ಕಟ್ಟು ಮಾಡಿದವರ ಕಾಲದಲ್ಲಿ ಫೋನು ಇರಲಿಲ್ಲವಾದ್ದರಿಂದ ಫೋಟೋ ನೋಡುವುದಕ್ಕೆ ಅಡ್ಡಿಯಿಲ್ಲ ಎಂದು ನಾನೇ ತೀರ್ಮಾನ ಮಾಡಿದೆ. ನನ್ನ ಹೆಂಡತಿ ಆ ತೀರ್ಮಾನಕ್ಕೆ ನನಗಿಂತ ಮುಂಚೆಯೇ ಬಂದಿದ್ದಳು.

ಐವತ್ತು ವರ್ಷ ಲಾಳಿ ಹೊಡೆದ ಕೈಗೆ ಹನ್ನೊಂದು ದಿನ ಬಿಡುವು ಕೊಟ್ಟರೆ ಅದು ಎಲ್ಲಿಯಾದರೂ ಹೋಗಿ ಏನಾದರೂ ಮುಟ್ಟುತ್ತದೆ. ನನ್ನ ಕೈ ಸೊಸೆಯ ಲ್ಯಾಪ್‌ಟಾಪಿಗೆ ಹೋಯಿತು.

ಅದು ಅವಳು ಕಾಲೇಜಿನಲ್ಲಿ ಓದುವಾಗಿನದು. ವಯಸ್ಸಾಗಿ ಅನ್ನ ಬೇಯುವಷ್ಟು ಹೊತ್ತು ತೆಗೆದುಕೊಂಡು ತೆರೆಯುತ್ತಿತ್ತು. ಅವಳು ಒಂದು ದಿನ ಕೂತು ಅದರೊಳಗಿದ್ದುದನ್ನೆಲ್ಲ ತೆಗೆದು ಲಿನಕ್ಸ್ ಎಂಬುದನ್ನು ಹಾಕಿದಳು. ಅದಾದ ಮೇಲೆ ನಾನು ಕನ್ನಡಕ ಹುಡುಕಿ ಹಾಕಿಕೊಳ್ಳುವುದರೊಳಗೆ ತೆರೆದುಕೊಳ್ಳುತ್ತದೆ. ನನಗಾಗಿ ಅಕ್ಷರವನ್ನು ದೊಡ್ಡದು ಮಾಡಿ, ಎಲ್ಲವನ್ನೂ ತಮಿಳಿಗೆ ಬದಲಾಯಿಸಿ ಇಟ್ಟಿದ್ದಳು. ನಾನು ಓದಿದ್ದು ಐದನೆಯ ತರಗತಿ, ಅದೂ ತಮಿಳಿನಲ್ಲಿ. ಕನ್ನಡ ಅಕ್ಷರ ಕಲಿಸಿದ್ದು ಅಪ್ಪ, ಮಗ್ಗದ ಪಕ್ಕದ ಗೋಡೆಯ ಮೇಲೆ ಇದ್ದಲಿನಲ್ಲಿ ಬರೆದು. ಇಂಗ್ಲಿಷ್ ಅಕ್ಷರಗಳು ಬಸ್ಸಿನ ಬೋರ್ಡುಗಳಿಂದ ತಾವಾಗಿ ಬಂದವು.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ಇಲ್ನೋಡಿ, ಪುರುಡಲ್ಲಿ ಅದ್ನ ಮುಟ್ಬೋದಾ? ಅದ್ರೊಳ್ಗೆ ಡಿಸೈನು ಐತಲ್ಲ."

"ಅದ್ರೊಳ್ಗೆ ನೂಲೈತಾ?"

"ಇಲ್ಲ."

"ನೂಲಿಲ್ದಿದ್ರೆ ಅದು ಮಗ್ಗ ಆಗಾಕಿಲ್ಲ."

ಅವಳು ಬಾಗಿಲು ಬಿಟ್ಟು ಒಳಗೆ ಬಂದಳು. "ಅಂಗಾದ್ರೆ ಸ್ನಾನ ಮಾಡ್ಬುಟ್ಟು ಮುಟ್ಟಿ. ನೂಲಿಲ್ದಿದ್ರೂ ಸ್ನಾನ ಮಾಡುದ್ರೆ ತಪ್ಪೇನಿಲ್ಲ."

ಆ ಡಿಸೈನಿನ ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಮಗು ಹುಟ್ಟಿದರೆ ಮೂವತ್ತನೆಯ ದಿನ ತೊಟ್ಟಿಲಿಗೆ ಹಾಕುತ್ತೇವೆ. ತೊಟ್ಟಿಲಿಗೆ ಹಾಸುವ ರೇಷ್ಮೆಯ ತುಂಡನ್ನು ಅಜ್ಜನೇ ನೇಯಬೇಕು. ಅದರ ಅಂಚು ಹೊಸದಾಗಿರಬೇಕು, ಒಂದು ಮಗುವಿಗೆ ನೇಯ್ದ ಅಂಚನ್ನು ಇನ್ನೊಂದು ಮಗುವಿಗೆ ನೇಯುವುದಿಲ್ಲ. ಇಲ್ಲಿಯ ತನಕ ಆ ಅಂಚು ಬರೆದವರೆಲ್ಲ ಮನೆಯ ಗಂಡಸರು: ಹಂಸ, ಗಿಳಿ, ಮಾವಿನಕಾಯಿ, ಮತ್ತೆ ಹಂಸ. ಈ ಸಲ ಬರೆದವಳು ಸೊಸೆ. ಅವಳು ನೇಕಾರರ ಮಗಳಲ್ಲ, ಒಕ್ಕಲುತನದವರ ಮಗಳು, ರಾಗಿ ಬೆಳೆದು ಮೇಕೆ ಸಾಕುವ ಮನೆ. ಬಸುರಿಯಾಗಿದ್ದಾಗ ಐದು ತಿಂಗಳು ಆ ಲ್ಯಾಪ್‌ಟಾಪಿನ ಮುಂದೆ ಕೂತು ಚೌಕ ಚೌಕವಾಗಿ ಬಣ್ಣ ತುಂಬಿ ಒಂದು ಅಂಚು ಬರೆದಳು. ಒಂದು ಚೌಕ ಅಂದರೆ ಒಂದು ಎಳೆ. ರಾಗಿಯ ತೆನೆ, ಅದರ ಕೆಳಗೆ ತಲೆ ಎತ್ತಿ ನಿಂತ ಒಂದು ಮೇಕೆ ಮರಿ. ಅವಳು ತಾನಾಗಿ ಬರೆದ ಮೊದಲನೆಯ ಡಿಸೈನು ಅದು.

"ಪಟ್ಟಿನೊಳ್ಗೆ ಮೇಕೆಯಾ" ಎಂದು ನನ್ನ ಹೆಂಡತಿ ಕೇಳಿದ್ದಳು. ಪಟ್ಟು ಅಂದರೆ ನಮ್ಮಲ್ಲಿ ರೇಷ್ಮೆ. ಸೊಸೆ ಏನೂ ಹೇಳಲಿಲ್ಲ. ನಮ್ಮ ಮನೆಗೆ ಬಂದು ಮೂರು ವರ್ಷ ಅವಳು ಹೆಚ್ಚಾಗಿ ಏನೂ ಹೇಳದೆಯೇ ಇದ್ದವಳು. ಆದರೆ ಮೇಕೆಯನ್ನು ತೆಗೆಯಲೂ ಇಲ್ಲ.

ಡಿಸೈನು ಮುಗಿದರೆ ಅದನ್ನು ತಾರಮಂಗಲಂನಲ್ಲಿ ಅಟ್ಟೆ ಹೊಡೆಯುವವರಿಗೆ ಕೊಡಬೇಕು. ಅವರು ದಪ್ಪ ಕಾಗದದ ಅಟ್ಟೆಗಳಲ್ಲಿ ತೂತು ಹೊಡೆದು ಕೊಡುತ್ತಾರೆ, ಮಗ್ಗದ ತಲೆಯ ಮೇಲಿನ ಜಕಾರ್ಡ್ ಆ ತೂತು ನೋಡಿಕೊಂಡು ಯಾವ ಎಳೆ ಎತ್ತಬೇಕು ಯಾವುದು ಬಿಡಬೇಕು ಎಂದು ತಿಳಿಯುತ್ತದೆ. ಅವರು ತಮ್ಮ ಮಗಳ ಮದುವೆಗೆ ಒಂದು ತಿಂಗಳು ಅಂಗಡಿ ಮುಚ್ಚುವವರಿದ್ದರು. ಪುರುಡು ಮುಗಿಯುವ ಹನ್ನೊಂದನೆಯ ದಿನ ಬೆಳಗ್ಗೆ ಡಿಸೈನು ಕೈಗೆ ಬಂದರೆ ಹೊಡೆದು ಕೊಟ್ಟೇ ಹೋಗುತ್ತೇನೆ, ಮಧ್ಯಾಹ್ನ ಬಂದರೆ ಇಲ್ಲ ಎಂದಿದ್ದರು.

ಎರಡನೆಯ ದಿನ ಮಗ ಮಗುವಿನ ಫೋಟೋ ಕಳಿಸಿದ. ಮಗು ಕಣ್ಣು ಮುಚ್ಚಿಕೊಂಡಿತ್ತು. ಹಾಗೆ ಕಣ್ಣು ಮುಚ್ಚಿಕೊಂಡ ಮಗುವನ್ನು ನಾನು ಬೇರೆ ಎಲ್ಲಿಯೂ ನೋಡಿಲ್ಲ. ಫೋನಿನಲ್ಲಿ ಅದು ಚಿಕ್ಕದಾಗಿ ಕಾಣುತ್ತಿತ್ತು. ಲ್ಯಾಪ್‌ಟಾಪಿನ ತೆರೆಯ ಮೇಲೆ ಇಡೀ ತುಂಬಿಕೊಳ್ಳುವ ಹಾಗೆ ಹಾಕಬೇಕೆಂದು ಮನಸ್ಸಾಯಿತು. ಬಾಣಂತಿ ಫೋನು ನೋಡಿದರೆ ಕಣ್ಣಲ್ಲಿ ನೀರು ಬರುತ್ತದೆಂದು ಸೊಸೆಯ ತಾಯಿ ಕಾವಲು ಕೂತಿದ್ದರು. ಅದಕ್ಕೆ ಸೊಸೆ ಫೋನನ್ನು ಸ್ಪೀಕರಿಗೆ ಹಾಕಿ ತಲೆಯ ಹತ್ತಿರ ಇಟ್ಟುಕೊಂಡು, ಮೇಲೆ ನೋಡುತ್ತ ಮಲಗಿ, ನನಗೆ ದಾರಿ ಹೇಳಿದಳು.

"ಖಾಲಿ ಜಾಗದಾಗೆ ಬಲ್ಗಡೆ ಗುಂಡಿ ಒತ್ತಿ ಮಾವ. ಪಟ್ಟಿ ಬಂತಾ?"

"ಬಂತು ಕಣ್ಣು." ನಮ್ಮ ಕಡೆ ಮಕ್ಕಳನ್ನು ಮುದ್ದಿಗೆ ಕಣ್ಣು ಎಂದೇ ಕರೆಯುವುದು.

"ಕೊನೇದು ಓದಿ."

ಓದಿದೆ. ಒತ್ತಿದೆ. ಫೋಟೋ ಆರಿಸಿದೆ. ತೆರೆಯ ಮೇಲೆ ನನ್ನ ಮೊಮ್ಮಗಳು ಬಂದಳು. ಒಬ್ಬಳಲ್ಲ, ಅಡ್ಡಕ್ಕೆ ಆರು, ಉದ್ದಕ್ಕೆ ನಾಲ್ಕು. ಸೀರೆಯ ಮೈ ತುಂಬ ಬುಟ್ಟಾ ಹಾಕಿದ ಹಾಗೆ ಸಮ ಅಂತರದಲ್ಲಿ ಇಪ್ಪತ್ತನಾಲ್ಕು ಮಕ್ಕಳು ಮಲಗಿದ್ದವು. ನೇಯುವವನ ಕಣ್ಣಿಗೆ ಅದರಲ್ಲಿ ಯಾವ ದೋಷವೂ ಕಾಣಲಿಲ್ಲ. ಹೆಂಡತಿಯನ್ನು ಕರೆದೆ. ಅವಳು ಎಣಿಸಿದಳು. ಮೇಲಿನ ಸಾಲಿನ ಮೂರನೆಯದು ತನ್ನ ತಾಯಿಯ ಹಾಗಿದೆ ಎಂದಳು. ಎಲ್ಲವೂ ಒಂದೇ ಎಂದೆ. ಇರಬಹುದು, ಆದರೆ ಮೂರನೆಯದು ಎಂದಳು. ಆ ದಿನವೆಲ್ಲ ಹಾಗೆಯೇ ಬಿಟ್ಟೆವು. ಪಕ್ಕದ ಮನೆಯವರನ್ನೂ ಕರೆದು ತೋರಿಸಿದೆವು.

ಮೂರನೆಯ ದಿನ ಒಂದೇ ಮಗು ಇರಲಿ ಎಂದು ಬದಲಾಯಿಸಿದೆ. "ಎಳೆ" ಎಂಬುದನ್ನು ಆರಿಸಿದ್ದರಿಂದ ಮಗು ಅಡ್ಡಡ್ಡ ಎಳೆದುಕೊಂಡು ಪೈಲ್ವಾನನ ಹಾಗೆ ಆಯಿತು. ಸೊಸೆ "ದೊಡ್ಡದು ಮಾಡು" ಎಂಬುದನ್ನು ಆರಿಸಲು ಹೇಳಿದಳು, ಸರಿಯಾಯಿತು. ಆದರೆ ತೆರೆಯ ತಳದಲ್ಲಿ ಗಂಟೆ ತೋರಿಸುವ ಒಂದು ಕಪ್ಪು ಪಟ್ಟಿ ಇತ್ತು, ಅದು ಮಗುವಿನ ಪಾದದ ಮೇಲೆ ಕೂತಿತ್ತು. ಪಾದವೂ ನೋಡತಕ್ಕದ್ದೇ. ಪಟ್ಟಿಯ ಮೇಲೆ ಬಲಗಡೆ ಗುಂಡಿ ಒತ್ತಿದೆ, "ತೆಗೆ" ಎಂದಿತ್ತು, ತೆಗೆದೆ. ಪಾದ ಬಂತು. ಗಂಟೆ ಹೋಯಿತು, ಜೊತೆಗೆ ಎಲ್ಲವನ್ನೂ ತೆರೆಯುವ ಮೂಲೆಯ ಗುಂಡಿಯೂ ಹೋಯಿತು.

ಸೊಸೆ ನಗಲಿಲ್ಲ. ಮೂರು ಗುಂಡಿ ಒಟ್ಟಿಗೆ ಒತ್ತಿಸಿ ಒಂದು ಕಪ್ಪು ಕಿಟಕಿ ತೆರೆಸಿದಳು. ಅದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಬರೆದರೆ ಕೇಳುತ್ತದೆ ಅಷ್ಟೆ. ಪಟ್ಟಿಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯಬೇಕಿತ್ತು. ಅವಳು ಒಂದೊಂದೇ ಅಕ್ಷರ ಹೇಳಿದಳು, ನಾನು ಬಸ್ಸಿನ ಬೋರ್ಡು ನೆನೆದುಕೊಂಡು ಹುಡುಕಿ ಒತ್ತಿದೆ.

"ಪೆನ್ನಾಗರಂ ಬಸ್ಸಿಂದು ಮೊದಲ್ನೇ ಅಕ್ಷರ."

"ಆಯ್ತು."

"ಆಮ್ಯಾಕೆ ಆತ್ತೂರು."

"ಆಯ್ತು."

"ನಾಮಕ್ಕಲ್. ಈರೋಡು."

"ತಡಿ ಕಣ್ಣು, ಈರೋಡ್ ಸಿಗ್ತಿಲ್ಲ." ಸಿಕ್ಕಿತು. ಉಳಿದ ಅಕ್ಷರವನ್ನೂ ಒತ್ತಿದ ಮೇಲೆ ಪಟ್ಟಿ ವಾಪಸು ಬಂದು ಮಗುವಿನ ಪಾದದ ಮೇಲೆ ಕೂತಿತು. ಅದನ್ನು ಮೇಲಕ್ಕೆ ಸಾಗಿಸುವುದನ್ನು ಅವಳೇ ಹೇಳಿಕೊಟ್ಟಳು. ಮೇಲೆ ಬರೀ ಚಾಪೆ ಇತ್ತು, ಮುಚ್ಚಿದರೆ ನಷ್ಟವಿಲ್ಲ.

ಇಷ್ಟಾದ ಮೇಲೆ ನನಗೆ ಈ ಕೆಲಸ ಬಂದುಬಿಟ್ಟಿದೆ ಎಂಬ ನಂಬಿಕೆ ಹುಟ್ಟಿತು. ನಾಲ್ಕನೆಯ ದಿನ ನಡೆದುದಕ್ಕೆ ಆ ನಂಬಿಕೆಯೇ ಕಾರಣ.

ತೆರೆಯಲ್ಲಿ ಮಗುವಿನ ಮುಖದ ಮೇಲೆ ಹೆಸರು ಬರೆದ ಚಿಕ್ಕ ಚಿಕ್ಕ ಚಿತ್ರಗಳಿದ್ದವು. ಬಲಗಣ್ಣಿನ ಮೇಲೆ ಒಂದು, ಮೂಗಿನ ಮೇಲೆ ಒಂದು, ಗಲ್ಲದಿಂದ ಕೆಳಗೆ ಮೂರು. ಎಳೆದು ಪಕ್ಕಕ್ಕೆ ಇಟ್ಟರೆ ಸಾಲಾಗಿ ನಿಲ್ಲಬೇಕೆಂದು ವಾಪಸು ಓಡಿಬರುತ್ತಿದ್ದವು. ಸೊಸೆಯನ್ನು ಕೇಳಬಹುದಿತ್ತು. ಆಗ ತಾನೇ ಮಲಗಿದ್ದಾಳೆಂದು ಮಗ ಹೇಳಿದ್ದ. ನಾನು ಯೋಚನೆ ಮಾಡಿದ್ದು ಹೀಗೆ: ನೂಲಿನ ಕಟ್ಟಿನ ಮೇಲೆ ಚೀಟಿ ಅಂಟಿಸಿರುತ್ತಾರೆ, ಆ ಚೀಟಿ ಕಿತ್ತರೆ ನೂಲೇನೂ ಹೋಗುವುದಿಲ್ಲ. ಇವೂ ಚೀಟಿಗಳು, ಸಾಮಾನು ಒಳಗೆ ಎಲ್ಲೋ ಇರುತ್ತದೆ. ಒಂದೊಂದಾಗಿ ಐದನ್ನೂ ಎಳೆದು ಮೂಲೆಯಲ್ಲಿದ್ದ ಕಸದ ಬುಟ್ಟಿಗೆ ಹಾಕಿದೆ. ಮಗುವಿನ ಮುಖ ಪೂರ್ತಿ ಬಂತು. ಮೂಗು ನನ್ನದೇ. ಇದರಲ್ಲಿ ಯಾರಿಗೂ ಸಂಶಯ ಇರಬೇಕಾಗಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಹೊತ್ತು ಮುಳುಗುತ್ತಿತ್ತು. ನೇಕಾರರ ಮನೆಯಲ್ಲಿ ದೀಪ ಹಚ್ಚುವ ಮುಂಚೆ ಮಗ್ಗದ ಕುಣಿ, ಅಂದರೆ ನೇಯುವವನು ಕಾಲು ಇಳಿಬಿಡುವ ಹಳ್ಳ, ಗುಡಿಸಿ ನೂಲಿನ ಚೂರನ್ನೆಲ್ಲ ಹೊರಗೆ ಹಾಕಬೇಕು. ಚೂರು ಮನೆಯೊಳಗೆ ರಾತ್ರಿ ಉಳಿದರೆ ಮಾರನೆಯ ದಿನ ಹಾಸು ಸಿಕ್ಕಾಗುತ್ತದೆ ಎಂದು ನನಗೆ ಏಳನೆಯ ವಯಸ್ಸಿನಿಂದ ಹೇಳಿಕೊಟ್ಟಿದ್ದಾರೆ. ಹೆಂಡತಿ ಒಳಗಿನಿಂದ ಕೇಳಿದಳು, "ಕಸ ಒರ್ಗೆ ಆಕಿದ್ರಾ? ದೀಪ ಅಚ್ತೀನಿ." ಈ ದಿನಗಳಲ್ಲಿ ಕುಣಿಯಲ್ಲಿ ಕಸವಿರಲಿಲ್ಲ. ತೆರೆಯ ಮೇಲಿನ ಬುಟ್ಟಿ ಮಾತ್ರ ತುಂಬಿ ಕಾಗದ ಹೊರಗೆ ಚಾಚಿಕೊಂಡಿತ್ತು. ಬುಟ್ಟಿ ಖಾಲಿ ಮಾಡು ಎಂದೆ. ಶಾಶ್ವತವಾಗಿ ಹೋಗುತ್ತದೆ, ಸರಿಯೇ ಎಂದು ಅದು ತಮಿಳಿನಲ್ಲಿ ಸ್ಪಷ್ಟವಾಗಿ ಕೇಳಿತು. ಕಸ ಶಾಶ್ವತವಾಗಿ ಹೋಗಬೇಕೆಂಬುದೇ ನನ್ನ ಅಭಿಪ್ರಾಯವೂ ಆಗಿತ್ತು.

"ಆಕಿದೆ, ದೀಪ ಅಚ್ಚು" ಎಂದೆ.

ಐದನೆಯ ದಿನ ಬೆಳಗ್ಗೆ ಸೊಸೆ ತಾನೇ ಫೋನು ಮಾಡಿದಳು. ರಾತ್ರಿಯೆಲ್ಲ ಮಗುವಿಗೆ ಹಾಲು ಕೊಡುತ್ತ ಯೋಚಿಸಿದಳಂತೆ, ಮೇಕೆಯ ಕಿವಿ ಒಂದು ಎಳೆ ಕಮ್ಮಿಯಾಗಿದೆ, ಸರಿ ಮಾಡಬೇಕು.

"ಮುಂದ್ಗಡೇನೇ ಡಿಸೈನಂತ ಒಂದು ಫೋಲ್ಡರ್ ಐತಲ್ಲ ಮಾವ, ಅದ್ನ ತೆಗೀರಿ."

ಅದು ಬಲಗಣ್ಣಿನ ಮೇಲೆ ಇದ್ದ ಚೀಟಿ. ಸಿಗ್ನಲ್ ಸರಿಯಿಲ್ಲ ಎಂದು ಹೇಳಿ ಫೋನು ಇಟ್ಟೆ. ಸಿಗ್ನಲ್ ಚೆನ್ನಾಗಿಯೇ ಇತ್ತು.

ಕಪಾಟಿನಲ್ಲಿದ್ದ ಸೊಸೆಯ ಪೆನ್ ಡ್ರೈವ್ ಹಾಕಿ ನೋಡಿದೆ. ಅದರಲ್ಲಿ ಡಿಸೈನು ಇತ್ತು, ಆದರೆ ಹಳೆಯದು. ರಾಗಿ ತೆನೆ ಮಾತ್ರ, ಮೇಕೆ ಇಲ್ಲ. ತೆನೆಯ ಕೆಳಗೆ ಖಾಲಿ ಜಾಗ. ಹೆಂಡತಿ ಬಂದು ಬಗ್ಗಿ ನೋಡಿದಳು.

"ಮೇಕೆ ಎಲ್ಲೋಯ್ತು?"

"ನಾನೇ ಕಸ ಅಂತ ಆಕ್ಬುಟ್ಟೆ."

ಅವಳು ತೆರೆಯನ್ನು ಇನ್ನೊಮ್ಮೆ ನೋಡಿ ಹೇಳಿದಳು, "ಓಗ್ಲಿ ಬುಡಿ. ತೆನೆ ನೋಡಾಕೆ ಲಕ್ಷಣವಾಗೈತೆ. ಇದ್ನೇ ಕೊಟ್ಬುಟ್ರೆ ಯಾರೂ ಮಾತಾಡಾಕಿಲ್ಲ."

ಯಾರೂ ಮಾತಾಡುವುದಿಲ್ಲ ಎಂಬುದು ನಿಜ. ಮಾತಾಡದೆ ಇರುವುದರಲ್ಲಿ ಸೊಸೆಗೆ ಮೂರು ವರ್ಷದ ಅಭ್ಯಾಸ ಇತ್ತು. ಅದು ನೆನಪಾಗಿ ಅವತ್ತು ಊಟ ಸೇರಲಿಲ್ಲ. ತೆರೆಯ ಮೇಲೆ ಮಗುವಿನ ಮುಖ ಪೂರ್ತಿ ಕಾಣುತ್ತಿತ್ತು, ನೋಡಲು ಮನಸ್ಸಾಗಲಿಲ್ಲ. ಮುಚ್ಚಿಟ್ಟೆ.

ಆರನೆಯ ದಿನ ಬೆಳಗ್ಗೆ ಫೋನು ಮಾಡಿ ಹೇಳಿದೆ. ಚೀಟಿ ಎಂದುಕೊಂಡದ್ದು, ಬುಟ್ಟಿ, ದೀಪ ಹಚ್ಚುವ ಹೊತ್ತು, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಆ ಕಡೆ ಮಗು ಹಾಲು ಕುಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ಚೆನ್ನಾಗಿ ಕುಡಿಯುತ್ತದೆ, ಅದನ್ನು ಅಂಥ ಹೊತ್ತಿನಲ್ಲಿಯೂ ಗಮನಿಸಿದೆ.

"ಬುಟ್ಟೀಲಿ ಇಲ್ವಾ ಮಾವ?"

"ಇಲ್ಲ. ಖಾಲಿ ಮಾಡ್ದೆ."

ಕಪ್ಪು ಕಿಟಕಿ ತೆರೆಸಿದಳು. ಅಳಿಸಿದ್ದನ್ನು ಹುಡುಕಿ ತರುವ ಉಪಾಯ ಒಂದು ಇದೆಯಂತೆ. ಊರೂರಿನ ಅಕ್ಷರ ಹೇಳಿ ಬರೆಸಿದಳು. ಅದು ಮಧ್ಯಾಹ್ನದ ತನಕ ಹುಡುಕಿ ನೂರಾರು ಸಾಮಾನು ತಂದು ಸುರಿಯಿತು: ಮದುವೆಯ ಫೋಟೋಗಳು, ಅವಳ ಕಾಲೇಜಿನ ಹಾಲ್ ಟಿಕೆಟ್, ಯಾವುದೋ ಹೋಟೆಲಿನ ಮೆನು. ಒಂದೊಂದಾಗಿ ತೆರೆದು ನೋಡಿದೆವು. ಮೇಕೆ ಅದರಲ್ಲಿ ಇರಲಿಲ್ಲ.

"ಪರ್ವಾಗಿಲ್ಲ ಮಾವ" ಎಂದಳು ಸೊಸೆ. "ತೆನೆ ಐತಲ್ಲ. ಅದ್ನೇ ಕೊಟ್ಬುಡಿ."

ಪರವಾಗಿಲ್ಲ ಎಂಬ ಮಾತನ್ನು ಅಷ್ಟು ಮೆಲ್ಲಗೆ ಹೇಳಿದರೆ ಅದರ ಅರ್ಥ ನನಗೆ ಗೊತ್ತಾಗುತ್ತದೆ. ನಾನೂ ಒಬ್ಬ ಹೆಂಡತಿಯ ಜೊತೆ ನಲವತ್ತು ವರ್ಷ ಸಂಸಾರ ಮಾಡಿದ್ದೇನೆ.

"ಮೇಕೆ ನಿಂಗೆ ನೆನಪೈತಾ?" ಎಂದು ಕೇಳಿದೆ.

"ಐದು ತಿಂಗ್ಳು ಬರ್ದಿದ್ದು ಮಾವ. ಕಣ್ಮುಚ್ಚುದ್ರೆ ಕಾಣ್ತೈತೆ."

"ಅಂಗಾದ್ರೆ ಕಣ್ಮುಚ್ಕೊ. ನೀನು ಲೆಕ್ಕ ಏಳ್ತಾ ಓಗು, ನಾನು ತುಂಬ್ತೀನಿ."

ನಮ್ಮ ಅಪ್ಪನ ಕಾಲದಲ್ಲಿ ಜಕಾರ್ಡ್ ಇರಲಿಲ್ಲ. ಒಬ್ಬರು ಕಾಗದ ನೋಡಿ ಎಷ್ಟು ಎಳೆ ಎತ್ತಬೇಕು, ಎಷ್ಟು ಬಿಡಬೇಕು ಎಂದು ಕೂಗಿ ಓದುವರು, ಇನ್ನೊಬ್ಬರು ಹಾಗೆ ದಾರ ಕಟ್ಟುವರು. ಹುಡುಗನಾಗಿದ್ದಾಗ ನಾನು ಅದನ್ನು ಕಟ್ಟಿದವನೇ. ಆದ್ದರಿಂದ ಕಿವಿಯಲ್ಲಿ ಕೇಳಿ ಬೆರಳಲ್ಲಿ ಇಡುವುದು ನನಗೆ ಹೊಸದಲ್ಲ. ತೆನೆಯ ಡಿಸೈನನ್ನು ತೆರೆದು, ಚೌಕಗಳನ್ನು ಬೆರಳಗಲ ಕಾಣುವಷ್ಟು ದೊಡ್ಡದು ಮಾಡಿಕೊಂಡು ಕೂತೆ. ಮಾಡಿದ್ದನ್ನು ಪ್ರತಿ ಸಾಲಿಗೂ ಎರಡು ಕಡೆ ಉಳಿಸಬೇಕೆಂದು ಸೊಸೆ ಹೇಳಿದಳು, ಲ್ಯಾಪ್‌ಟಾಪಿನಲ್ಲಿ ಒಂದು, ಪೆನ್ ಡ್ರೈವಿನಲ್ಲಿ ಒಂದು. ಮುಖದ ಮೇಲಿನ ಚೀಟಿಗಳನ್ನು ಕೀಳದೆಯೇ ಮರೆ ಮಾಡುವ ಒಂದು ಆಯ್ಕೆ ಇದೆ ಎಂದೂ ಹೇಳಿದಳು. ಒಂದೇ ಗುಂಡಿ. ಅದನ್ನು ಬರೆದಿಟ್ಟುಕೊಂಡೆ.

"ಎರಡು ಎತ್ತು, ಐದು ಬಿಡು. ಮೂರು ಎತ್ತು, ಒಂದು ಬಿಡು."

ಅವಳು ಮಲಗಿಕೊಂಡು ಹೇಳುವಳು, ನಾನು ತುಂಬುವೆ. ಸಾಲು ತಪ್ಪಿದರೆ ಹಿಂದಕ್ಕೆ ಹೋಗುವ ಗುಂಡಿ ಇದೆ, ಮಗ್ಗದಲ್ಲಿ ಅಂಥದ್ದು ಇಲ್ಲ. ಮೊದಲ ದಿನ ಕೊಂಬು ಮುಗಿಯಿತು. ಕಿವಿಯನ್ನು ಒಂದು ಎಳೆ ಹೆಚ್ಚು ಮಾಡಿದೆವು. ಅವಳ ತಾಯಿ ಬಾಗಿಲ ಸಂದಿಯಿಂದ ಇದನ್ನು ಕೇಳಿಸಿಕೊಂಡು ನನ್ನ ಮಗನನ್ನು ಪಕ್ಕಕ್ಕೆ ಕರೆದರಂತೆ. "ಮಗ್ಳಿಗೆ ಏನೋ ಆಗೈತೆ. ಕಣ್ಮುಚ್ಕೊಂಡು ಎತ್ತು ಬಿಡು ಎತ್ತು ಬಿಡು ಅಂತಾಳೆ. ಯಾರ್ಗಾದ್ರೂ ತೋರ್ಸಿ." ಮಗ ವಿಷಯ ತಿಳಿಸಿದ. ಅದನ್ನು ಕೇಳಿ ಅವರಿಗೆ ನನ್ನ ಮೇಲೂ ಸಂಶಯ ಬಂತು.

ನನ್ನ ಮೊಮ್ಮಗಳು ಮಾತ್ರ ಆ ಲೆಕ್ಕ ಕೇಳಿದರೆ ಅಳು ನಿಲ್ಲಿಸುತ್ತಿದ್ದಳು. ಹುಟ್ಟಿ ಎಂಟು ದಿನದ ಮಗು. ಬೇರೆ ಯಾವ ಮಗುವಾದರೂ ನಿಲ್ಲಿಸುತ್ತಿತ್ತು ಎಂದು ಹೇಳುವವರಿದ್ದಾರೆ. ಅವರ ಮಾತಿಗೆ ನಾನು ಉತ್ತರ ಕೊಡಲು ಹೋಗುವುದಿಲ್ಲ.

ಒಂಬತ್ತನೆಯ ದಿನ ಹಿಂಗಾಲಿನ ಹತ್ತಿರ ನಿಂತುಹೋದೆವು. ಸೊಸೆಗೆ ನೆನಪಾಗಲಿಲ್ಲ. ಹಿಂಗಾಲು ಮುಂದಕ್ಕೆ ಬಾಗಿತ್ತೋ ಹಿಂದಕ್ಕೋ. ನಾನು ಮುಂದಕ್ಕೆ ಬಗ್ಗಿಸಿದೆ, ಮೇಕೆ ಕುರ್ಚಿಯ ಮೇಲೆ ಕೂರಲು ಹೊರಟ ಹಾಗೆ ಕಂಡಿತು. ಹೊರಗೆ ಜಗಲಿಯಲ್ಲಿದ್ದ ಅವಳ ಅಪ್ಪ, ನಮ್ಮ ಬೀಗರು, ಒಂದು ಮೇಕೆ ಮರಿಯನ್ನು ಎತ್ತಿಕೊಂಡು ಬಂದು ಮಗನ ಫೋನಿನ ಮುಂದೆ ಹಿಡಿದರು. ವಿಡಿಯೋದಲ್ಲಿ ಮೊದಲು ಮರಿಯ ಮುಖ ಬಂತು.

"ಕಾಲು ತೋರ್ಸಿ ಬೀಗ್ರೇ."

"ನಿಲ್ಲಾಕಿಲ್ಲ ಅಂತೈತೆ. ಯಾವ ಕಾಲು?"

"ಇಂದ್ಗಡೇದು."

ತಲೆಕೆಳಗು ಮಾಡಿ ತೋರಿಸಿದರು. ನೆಟ್ಟಗೆ ನಿಲ್ಲಿಸಿ ಎಂದೆ. ನಿಲ್ಲಿಸಿದರು, ಅದು ಓಡಿತು. ಹಿಡಿದು ತಂದರು. ನಾಲ್ಕು ಸಲ ಓಡಿದ ಮೇಲೆ ಕಾಲು ಹೇಗೆ ಬಾಗುತ್ತದೆ ಎಂದು ನನಗೂ ಸೊಸೆಗೂ ಒಟ್ಟಿಗೆ ಗೊತ್ತಾಯಿತು. ಅರವತ್ತೆಂಟು ವರ್ಷ ಮೇಕೆಗಳ ನಡುವೆ ಓಡಾಡಿದ್ದರೂ ನಾನು ಅದರ ಹಿಂಗಾಲನ್ನು ನೋಡಿರಲಿಲ್ಲ. ಬಾಲಕ್ಕೆ ಬಂದಾಗ ಬೆರಳು ಜಾರಿ ಒಂದು ಚೌಕ ಮೇಲೆ ತುಂಬಿದೆ. ಅಳಿಸಲೇ ಎಂದು ಕೇಳಿದೆ. ತೆರೆಯ ಫೋಟೋ ತೆಗೆದು ಮಗನಿಗೆ ಕಳಿಸಿದೆ, ಸೊಸೆ ಅದನ್ನು ತಾಯಿ ನೋಡದ ಹಾಗೆ ಒಂದು ಕ್ಷಣ ನೋಡಿದಳು.

"ಬುಡಿ ಮಾವ. ಬಾಲ ಎತ್ತೈತೆ. ಖುಷಿಯಾಗೈತೆ ಅದು."

ಹತ್ತನೆಯ ದಿನ ಸಂಜೆ ಹೆಂಡತಿ ಬಂದು ನನ್ನ ಪಕ್ಕ ಕೂತಳು. ಮೇಕೆಯನ್ನು ನೋಡಿದಳು. ಆಮೇಲೆ ಪೆನ್ ಡ್ರೈವನ್ನು ತಾನೇ ತೆಗೆದು, ಒಂದು ಬಟ್ಟೆಯಲ್ಲಿ ಸುತ್ತಿ, ಒಡವೆ ಇಡುವ ಡಬ್ಬಿಯೊಳಗೆ ಇಟ್ಟಳು.

ಹನ್ನೊಂದನೆಯ ದಿನ ಬೆಳಗಿನ ಜಾವ ಸ್ನಾನ ಮಾಡಿ, ಪುರುಡು ಕಳೆದು, ಮೊದಲನೆಯ ಬಸ್ಸಿಗೆ ತಾರಮಂಗಲಂಗೆ ಹೋದೆವು. ಅಟ್ಟೆ ಹೊಡೆಯುವವರು ತೆರೆಯ ಮೇಲೆ ನೋಡಿ, "ಮೇಕೆಯಾ?" ಎಂದರು. ಮೇಕೆ ಎಂದೆ. "ಹಂಸ ಬೇಡ್ವಾ?" ಬೇಡ ಎಂದವಳು ನನ್ನ ಹೆಂಡತಿ.

ಅಲ್ಲಿಂದ ಓಮಲೂರು, ಧರ್ಮಪುರಿ, ಪೆನ್ನಾಗರಂ. ಮೂರು ಬಸ್ಸು ಬದಲಾಯಿಸಿದೆವು. ಮಗುವನ್ನು ನನ್ನ ಮಡಿಲಿಗೆ ಕೊಟ್ಟರು. ಲ್ಯಾಪ್‌ಟಾಪಿನಲ್ಲಿ ನೋಡಿದ್ದಕ್ಕಿಂತ ಬಹಳ ಚಿಕ್ಕದಾಗಿದ್ದಳು. ಬಿಸಿಯಾಗಿದ್ದಳು, ಅದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಬಲಗೈ ಬೆರಳು ಕೊಟ್ಟೆ, ಹಿಡಿದುಕೊಂಡಳು, ಬಿಡಲಿಲ್ಲ. ಊಟಕ್ಕೆ ಕರೆದರು. ಎಡಗೈಯಲ್ಲಿ ಊಟ ಮಾಡುವುದು ಸರಿಯಲ್ಲವಾದ್ದರಿಂದ ಊಟ ಬೇಡ ಎಂದೆ.

ಆಮೇಲೆ ಅಟ್ಟೆ ಬಂತು, ಮಗ್ಗಕ್ಕೆ ಏರಿಸಿದೆ, ಮೂರು ದಿನ ನೇಯ್ದೆ. ಮೂವತ್ತನೆಯ ದಿನ ತೊಟ್ಟಿಲಿಗೆ ಹಾಸಿದೆವು. ನಮ್ಮ ಕಡೆಯ ಹೆಂಗಸರೆಲ್ಲ ಬಂದಿದ್ದರು. ಒಬ್ಬೊಬ್ಬರಾಗಿ ಬಗ್ಗಿ ಅಂಚನ್ನು ಬೆರಳಲ್ಲಿ ಮುಟ್ಟಿದರು. ಯಾರು ಬರೆದದ್ದು ಎಂದು ಒಬ್ಬರು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಹೆಂಡತಿ ಹೇಳಿದಳು, "ನಮ್ ಸೊಸೆ. ಪೂರಾ ಅವ್ಳೇ."

ನನ್ನ ಅತ್ತಿಗೆ, ಅಂದರೆ ಹೆಂಡತಿಯ ಅಕ್ಕ, ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದರು. ಅವರ ಮನೆಯಲ್ಲಿಯೂ ಇನ್ನೆರಡು ತಿಂಗಳಿಗೆ ಹೆರಿಗೆ. "ಈ ಮೇಕೆ ನಮ್ಗೂ ಕೊಡಮ್ಮಾ, ನೇಯ್ಸ್ಕೊಳ್ತೀವಿ" ಎಂದು ಸೊಸೆಯನ್ನು ಕೇಳಿದರು. ದೊಡ್ಡವರು, ಅವರು ಕೇಳಿದ್ದನ್ನು ನಮ್ಮ ಮನೆಯಲ್ಲಿ ಇಲ್ಲ ಎಂದವರಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ನಾನು ತೊಟ್ಟಿಲನ್ನು ನೋಡಿದೆ.

"ಅದು ಇವ್ಳ್ದು ದೊಡ್ಡತ್ತೆ, ಕೊಡಾಕಾಗಾಕಿಲ್ಲ" ಎಂದಳು ಸೊಸೆ. "ನಿಮ್ಗೆ ಬ್ಯಾರೆ ಬರ್ದುಕೊಡ್ತೀನಿ. ಏನು ಬೇಕೋ ಅದ್ನ ಏಳಿ. ಎಮ್ಮೆ ಬರೀಲಾ?"

ಅತ್ತಿಗೆ ಸೆರಗು ಸರಿಮಾಡಿಕೊಂಡರು.

"ಎಮ್ಮೆ ಬ್ಯಾಡ" ಎಂದರು. "ನಾಟಿ ಕೋಳಿ ಬರೀ. ಕಾಲು ಸರಿಯಾಗಿರ್ಬೇಕು."